ಜಿಮ್ ಫೀಸು ಕಟ್ಟೋದು ಕೊನೇ ಸ್ಟೆಪ್ಪು: ಫಿಟ್‌ನೆಸ್‌ಗೆ ನಿಜವಾಗ್ಲೂ ರೆಡಿ ಇದೀರಾ ಅಂತ ನೋಡ್ಕೊಳ್ಳೋ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಲ್ಲಿ ಜನವರಿ 1ಕ್ಕೆ ವ್ಯಾಯಾಮ ಶುರು ಮಾಡಿದೋರು ಕಾಫಿ ಕೊಯ್ಲಿನ ಗಡಿಬಿಡೀಲಿ ಬಿಡ್ತಾರೆ, ಏಪ್ರಿಲ್‌ನಲ್ಲಿ ಶುರು ಮಾಡಿದೋರು ಜೂನ್ ಮಳೆಗೆ ಬಿಡ್ತಾರೆ, ದೀಪಾವಳಿ ಕಳೀಲಿ ಅಂತ ಮುಂದಕ್ಕೆ ಹಾಕಿದೋರು ಮತ್ತೆ ಕೊಯ್ಲಿಗೇ ಬಂದು ನಿಲ್ತಾರೆ. ಪ್ರತಿ ವರ್ಷ ಇದೇ ಕಥೆ. ಯಾಕ್ರೀ ಬಿಟ್ರಿ ಅಂದ್ರೆ "ನನಗೆ ವಿಲ್‌ಪವರ್ ಸಾಲದು ಬಿಡಿ" ಅನ್ನೋದು ರೆಡಿಮೇಡ್ ಉತ್ತರ.

ನನಗನ್ಸೋದು, ಇವರಲ್ಲಿ ಹೆಚ್ಚಿನವರಿಗೆ ಕೈ ಕೊಟ್ಟಿರೋದು ಸ್ಟೆಪ್ಪುಗಳ ಆರ್ಡರ್ರು. ಮೊದಲು ಒಂದು ವರ್ಷದ ಫೀಸು ಕಟ್ತಾರೆ, ಆಮೇಲೆ ಶೂ ತಗೋತಾರೆ, ಆಮೇಲೆ ಮಂಡಿ ಹಿಡ್ಕೊಳ್ಳುತ್ತೆ, ಆಮೇಲೆ ಡಾಕ್ಟ್ರ ಹತ್ರ ಹೋಗ್ತಾರೆ, ಎಲ್ಲಾ ಆದ್ಮೇಲೆ "ಅಲ್ಲ, ನನಗೆ ದಿನದಲ್ಲಿ ಟೈಮೇ ಎಲ್ಲಿದೆ" ಅಂತ ಯೋಚನೆ ಮಾಡ್ತಾರೆ. ಇದನ್ನ ಬುಡಮೇಲು ಮಾಡಿ, ಕೊನೇದನ್ನ ಮೊದಲು ಮಾಡಿದ್ರೆ ಅರ್ಧ ಕೆಲಸ ಮುಗೀತು.

ಹಾಗಾಗಿ ಇಲ್ಲಿ ಎಕ್ಸರ್‌ಸೈಜ್ ಚಾರ್ಟು, ಡಯಟ್ ಚಾರ್ಟು ಹುಡುಕ್ಬೇಡಿ. ಅದಕ್ಕಿಂತ ಹಿಂದಿನ ಕೆಲಸ ಇದು, ಅಂದ್ರೆ ರೆಡಿ ಆಗೋದು. ಹೆಚ್ಚು ಕಮ್ಮಿ ಒಂದೂವರೆ ತಿಂಗಳು ಹಿಡಿಯುತ್ತೆ. ಹಂತ ಬಿಟ್ಟು ಹಂತ ಹಾರ್ಬೇಡಿ.

## ಶುರು ಮಾಡೋಕೆ ಮುಂಚೆ ಮನೇಲಿ ಇರ್ಬೇಕಾದ ಸಾಮಾನು

ಟೈಲರ್ ಹತ್ರ ಇರುತ್ತಲ್ಲ ಆ ಅಳತೆ ಟೇಪು, ಗೋಡೆಗೆ ಹಾಕೋ ಕ್ಯಾಲೆಂಡರ್, ಒಂದು ಪೆನ್ನು, ಮಂದ ಇರೋ ಒಂದು ಚಾಪೆ ಅಥವಾ ಮ್ಯಾಟು, ಕೈ ಇಲ್ಲದ ಗಟ್ಟಿ ಕುರ್ಚಿ, ಕಾಲಿಗೆ ಸರಿಯಾಗಿ ಕೂರೋ ಶೂ. ಸ್ಮಾರ್ಟ್ ವಾಚ್ ಬೇಕಿಲ್ಲ. ಮನೇಲಿ 40 ದಾಟಿದೋರು ಇದ್ರೆ ತೋಳಿಗೆ ಕಟ್ಟೋ ಡಿಜಿಟಲ್ ಬಿಪಿ ಮಷೀನ್ ಒಂದು ತಗೊಳ್ಳಿ, ಮಣಿಕಟ್ಟಿಗೆ ಕಟ್ಟೋದಕ್ಕಿಂತ ಅದು ವಾಸಿ.

ಶೂ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮ ಕಡೆ ವಾಕಿಂಗ್ ನಿಲ್ಲೋಕೆ ಒದ್ದೆ ಶೂನೇ ದೊಡ್ಡ ನೆಪ. ಜುಲೈನಲ್ಲಿ ನೆಂದ ಶೂ ಎರಡು ದಿನಕ್ಕೂ ಒಣಗಲ್ಲ, ಮೂರನೇ ದಿನ ಬೂಸ್ಟು ವಾಸನೆ. ಒಳಗಿನ ಇನ್ಸೋಲ್ ತೆಗೆದು ಬೇರೆ ಇಡಿ, ಲೇಸ್ ಪೂರ್ತಿ ಸಡಿಲ ಮಾಡಿ ನಾಲಿಗೆನ ಹೊರಕ್ಕೆ ಎಳೀರಿ, ಹಳೇ ಪೇಪರ್ ಉಂಡೆ ಮಾಡಿ ತುದಿವರೆಗೂ ತುರುಕಿ, ಒಂದೆರಡು ಗಂಟೆ ಬಿಟ್ಟು ಆ ಪೇಪರ್ ತೆಗೆದು ಒಣಗಿದ್ದು ಹಾಕಿ, ರಾತ್ರಿ ಫ್ಯಾನ್ ಕೆಳಗೆ ಇಡಿ. ಬಚ್ಚಲು ಒಲೆ ಪಕ್ಕ ಮಾತ್ರ ಬೇಡ, ಬಿಸಿಗೆ ಶೂ ಅಡಿಯ ಸೋಲ್‌ನ ಗಮ್ ಬಿಟ್ಕೊಂಡು ಬಾಯಿ ತೆರೆಯುತ್ತೆ.

## ಹಂತ 1: ನೀವು ಎಲ್ಲಿ ನಿಂತಿದೀರ ಅಂತ ಮೊದಲು ತಿಳ್ಕೊಳ್ಳಿ

ಪ್ರೊಚಾಸ್ಕ, ಡಿಕ್ಲೆಮೆಂಟೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಸಿಗರೇಟು ಬಿಡೋರನ್ನ ಸ್ಟಡಿ ಮಾಡಿ 1983ರಲ್ಲಿ ಒಂದು ಲೆಕ್ಕಾಚಾರ ಕೊಟ್ರು, ಮನುಷ್ಯ ಒಂದು ಅಭ್ಯಾಸ ಬದಲಾಯಿಸೋವಾಗ ಮೆಟ್ಟಿಲು ಮೆಟ್ಟಿಲಾಗಿ ಹೋಗ್ತಾನೆ ಅಂತ. ಈಗ ವ್ಯಾಯಾಮಕ್ಕೂ ಅದನ್ನೇ ಬಳಸ್ತಾರೆ. ನಮಗೆ ಬೇಕಾಗಿರೋದು ಇಷ್ಟು: ಮುಂದಿನ 6 ತಿಂಗಳಲ್ಲಿ ಬದಲಾಗೋ ಯೋಚನೆನೇ ಇಲ್ಲ ಅಂದ್ರೆ ಒಂದು ಮೆಟ್ಟಿಲು, "ಮಾಡ್ಬೇಕು, ನೋಡೋಣ" ಅನ್ನೋದು ಇನ್ನೊಂದು, ಇನ್ನು 30 ದಿನದಲ್ಲಿ ಶುರು ಅಂತ ಸಣ್ಣ ಪುಟ್ಟ ತಯಾರಿ ಆಗಲೇ ಮಾಡಿದ್ರೆ ಮತ್ತೊಂದು, ಮಾಡ್ತಾ ಇದ್ದು 6 ತಿಂಗಳು ತುಂಬಿಲ್ಲ ಅಂದ್ರೆ ನಾಲ್ಕನೇದು, 6 ತಿಂಗಳು ದಾಟಿದ್ರೆ ಐದನೇದು.

ನಮ್ಮಲ್ಲಿ ಬಹಳ ಜನ ಎರಡನೇ ಮೆಟ್ಟಿಲಲ್ಲಿ ನಿಂತ್ಕೊಂಡು ನಾಲ್ಕನೇದರ ಕೆಲಸಕ್ಕೆ ಕೈ ಹಾಕ್ತಾರೆ. "ಶುರು ಮಾಡ್ಬೇಕು ಕಣೋ" ಅಂತ ವರ್ಷದಿಂದ ಹೇಳ್ತಾ ಇರೋನು ಯಾರದೋ ಫೋಟೋ ನೋಡಿ ಒಂದು ಸಂಜೆ ತಟ್ಟಂತ ಹೋಗಿ ಜಿಮ್ ಸೇರ್ಕೊಂಡ್ರೆ ಅದು ಆರಂಭ ಶೂರತ್ವ, ಎರಡು ವಾರಕ್ಕೆ ಇಳಿಯುತ್ತೆ.

ಎರಡನೇ ಮೆಟ್ಟಿಲಲ್ಲೇ ಇದೀರ ಅಂತ ಅನ್ಸಿದ್ರೆ ನಾಚ್ಕೊಳ್ಳೋ ವಿಷಯ ಏನಿಲ್ಲ. ಒಂದು ಹಾಳೆ ತಗೊಂಡು ಮಧ್ಯ ಗೆರೆ ಎಳೀರಿ. ಒಂದು ಕಡೆ ಶುರು ಮಾಡಿದ್ರೆ ಸಿಗೋದು, ಇನ್ನೊಂದು ಕಡೆ ಶುರು ಮಾಡಿದ್ರೆ ಕಳ್ಕೊಳ್ಳೋದು. ಈ ಎರಡನೇ ಕಡೆನ ಯಾರೂ ಪ್ರಾಮಾಣಿಕವಾಗಿ ಬರೆಯಲ್ಲ. ಬೆಳಗಿನ ಚಳೀಲಿ ಕಂಬಳಿ ಒಳಗಿನ ಅರ್ಧ ಗಂಟೆ ಹೋಗುತ್ತೆ, ಸಂಜೆ ಸರ್ಕಲ್‌ನಲ್ಲಿ ಫ್ರೆಂಡ್ಸ್ ಜೊತೆ ಬೋಂಡ ಕಾಫಿ ಹೋಗುತ್ತೆ, ಮನೇಲಿ "ಈಗೇನು ಹೊಸ ಹುಚ್ಚು" ಅಂತ ಮಾತು ಕೇಳ್ಬೇಕಾಗುತ್ತೆ. ಬರೀರಿ ಅದನ್ನೆಲ್ಲ. ನಿಮ್ಮನ್ನ ಮೂರನೇ ವಾರ ಕೆಡವೋದು ಈ ಕಡೇನೇ, ಈಗಲೇ ಮುಖ ನೋಡ್ಕೊಂಡಿದ್ರೆ ಆಗ ಗುರುತು ಸಿಗುತ್ತೆ.

## ಹಂತ 2: ಮೈ ಏನು ಹೇಳುತ್ತೆ ಕೇಳಿ

ಇದನ್ನ ಬಿಟ್ಟು ಮುಂದೆ ಹೋಗೋ ಹಾಗೇ ಇಲ್ಲ. ವ್ಯಾಯಾಮ ಶುರು ಮಾಡೋಕೆ ಮುಂಚೆ ಕೇಳೋ 7 ಪ್ರಶ್ನೆಗಳ ಒಂದು ಫಾರಂ ಪ್ರಪಂಚದ ಎಲ್ಲಾ ಕಡೆ ಚಾಲ್ತೀಲಿದೆ, ಪಾರ್-ಕ್ಯೂ ಪ್ಲಸ್ ಅಂತಾರೆ. ಅದರ ಸಾರ ಹೀಗೆ: ಹೃದಯದ ತೊಂದರೆ ಅಥವಾ ಬಿಪಿ ಇದೆ ಅಂತ ಡಾಕ್ಟ್ರು ಯಾವತ್ತಾದ್ರೂ ಹೇಳಿದ್ರಾ, ಸುಮ್ಮನೆ ಕೂತಾಗ ಅಥವಾ ಕೆಲಸ ಮಾಡುವಾಗ ಎದೆ ನೋವು ಬರುತ್ತಾ, ಕಳೆದ 12 ತಿಂಗಳಲ್ಲಿ ತಲೆ ಸುತ್ತಿ ಬ್ಯಾಲೆನ್ಸ್ ತಪ್ಪಿದ್ದು ಅಥವಾ ಎಚ್ಚರ ತಪ್ಪಿದ್ದು ಇದೆಯಾ, ಬೇರೆ ಯಾವ್ದಾದ್ರೂ ದೀರ್ಘಕಾಲದ ಕಾಯಿಲೆ ಇದೆಯಾ, ಅಂಥದ್ದಕ್ಕೆ ಈಗ ಮಾತ್ರೆ ನಡೀತಾ ಇದೆಯಾ, ಓಡಾಡಿದ್ರೆ ಜಾಸ್ತಿ ಆಗೋ ಮೂಳೆ, ಕೀಲು, ಸ್ನಾಯುವಿನ ತೊಂದರೆ ಇದೆಯಾ, ಡಾಕ್ಟ್ರು ನಿಗಾದಲ್ಲಿ ಮಾತ್ರ ವ್ಯಾಯಾಮ ಮಾಡಿ ಅಂದಿದಾರಾ.

ಎಲ್ಲದಕ್ಕೂ ಇಲ್ಲ ಅಂದ್ರೆ ನಿಧಾನವಾಗಿ ಶುರು ಮಾಡ್ಬಹುದು. ಒಂದಕ್ಕೆ ಹೌದು ಅಂದ್ರೂ ಮೊದಲು ಡಾಕ್ಟ್ರು, ಆಮೇಲೆ ಶೂ. ಗರ್ಭಿಣಿಯರು, ಹೆರಿಗೆ ಆಗಿ ಇನ್ನೂ ಕೆಲವೇ ತಿಂಗಳಾಗಿರೋರು, ಆಪರೇಷನ್ ಆದೋರು ಕೇಳದೇ ಶುರು ಮಾಡೋ ಹಾಗಿಲ್ಲ.

ಪಟ್ಟಿ ಓದಿ "ನನಗೇನೂ ಇಲ್ಲ" ಅನ್ನೋ ಎಷ್ಟೋ ಜನ ಬಿಪಿ ನೋಡಿಸಿಯೇ ಇರಲ್ಲ. ಇಲ್ಲ ಅನ್ನೋದು ಬೇರೆ, ನೋಡಿಸಿಲ್ಲ ಅನ್ನೋದು ಬೇರೆ. ಬಿಪಿ ಒಂದೇ ಸಲ ನೋಡಿ ತೀರ್ಮಾನ ಮಾಡ್ಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ಕಾಲ ಮೇಲೆ ಕಾಲು ಹಾಕದೆ, ಕಾಫಿ ಕುಡಿದು ಅರ್ಧ ಗಂಟೆ ಆದ್ಮೇಲೆ, ಬೇರೆ ಬೇರೆ ದಿನ ನೋಡಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಡಾಕ್ಟ್ರಿಗೆ ತೋರಿಸಿ. 180/110ರ ಆಸುಪಾಸು ಬಂದ್ರೆ ವಾಕಿಂಗ್ ಪ್ಲಾನೆಲ್ಲ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಸಕ್ಕರೆ: ಖಾಲಿ ಹೊಟ್ಟೇಲಿ 100ರ ಕೆಳಗಿದ್ರೆ ಸರಿ, 100ರಿಂದ 125 ಅಂದ್ರೆ ಗಡಿಯಲ್ಲಿದೀರ, 126 ಅಥವಾ ಮೇಲೆ ಅಂದ್ರೆ ಇನ್ನೊಂದು ಸಲ ಟೆಸ್ಟ್ ಮಾಡಿಸಿ ಡಾಕ್ಟ್ರಿಗೆ ತೋರಿಸ್ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಮಾತ್ರೆ ತಗೊಳ್ಳೋರಿಗೆ ನಡೆಯುವಾಗ ಸಕ್ಕರೆ ದಿಢೀರ್ ಇಳೀಬಹುದು. ಜೇಬಲ್ಲಿ ಒಂದು ಸಣ್ಣ ಪೊಟ್ಟಣ ಸಕ್ಕರೆ ಇರ್ಲಿ, ಸುಮಾರು 3 ಟೀ ಚಮಚದಷ್ಟು. ಕೈ ನಡುಕ, ತಣ್ಣನೆ ಬೆವರು, ಗಲಿಬಿಲಿ ಅನ್ಸಿದ್ರೆ ಅಲ್ಲೇ ಕೂತು ಬಾಯಿಗೆ ಹಾಕ್ಕೊಳ್ಳಿ, ಮನೆಗೆ ಹೋಗಿ ನೋಡೋಣ ಅನ್ಬೇಡಿ.

ಇನ್ನು ಟೇಪಿನ ಕೆಲಸ. ಪ್ಯಾಂಟ್ ಸೈಜ್ ಹೇಳ್ಬೇಡಿ, ನಾವೆಲ್ಲ ಹೊಟ್ಟೆ ಕೆಳಗೆ ಪ್ಯಾಂಟ್ ಕಟ್ಟೋರು. ಪಕ್ಕೆಯ ಕೊನೇ ಎಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಎರಡರ ಮಧ್ಯದಲ್ಲಿ ಬರಿ ಮೈ ಮೇಲೆ ಟೇಪು ಸುತ್ತಿ, ಉಸಿರು ಸಹಜವಾಗಿ ಹೊರಗೆ ಬಿಟ್ಟು ಓದಿ, ಒಳಕ್ಕೆ ಎಳ್ಕೊಳ್ಳದೆ. ನಮ್ಮ ದೇಶದವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಅನ್ನೋದು ಎಚ್ಚರಿಕೆ ಗೆರೆ. ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರೋರು "ನನ್ನ ತೂಕ ನಾರ್ಮಲ್" ಅಂತ ಸಮಾಧಾನ ಮಾಡ್ಕೊಳ್ಳೋ ಹಾಗಿಲ್ಲ. ಕ್ಯಾಲೆಂಡರ್‌ನಲ್ಲಿ ಇವತ್ತಿನ ತಾರೀಖಿನ ಮೇಲೆ ಬಿಪಿ, ಸಕ್ಕರೆ, ಸೊಂಟ ಮೂರೂ ಬರೆದಿಡಿ.

## ಹಂತ 3: ಯಾರಿಗೋಸ್ಕರ, ಯಾಕೆ

ತಂಗಿ ಮದುವೆ ಅಲ್ಬಮ್ಮಿಗೆ, ಬ್ಯಾಚ್‌ಮೇಟ್ಸ್ ಗೆಟ್ ಟುಗೆದರ್‌ಗೆ ಅಂತ ಶುರು ಮಾಡಿದ್ದು ಫೋಟೋ ತೆಗೆದ ಮರುದಿನ ಮುಗಿಯುತ್ತೆ. ಹೆಂಡತಿ ಬೈದ್ಲು ಅಂತ ಶುರು ಮಾಡಿದ್ದು ಅವಳು ಬೈಯೋದು ನಿಲ್ಲಿಸಿದ ದಿನ ನಿಲ್ಲುತ್ತೆ. ಇವೆಲ್ಲ ನೂಕೋಕೆ ಸಾಕು, ನಿಲ್ಲಿಸ್ಕೊಳ್ಳೋಕೆ ಸಾಲಲ್ಲ.

ಹತ್ತಿರದಲ್ಲೇ ಫಲ ಕೊಡೋ ಕಾರಣ ಹುಡುಕಿ. ರತ್ನಗಿರಿ ಬೋರೆ ಹತ್ತೋವಾಗ ಮಧ್ಯ ನಿಲ್ಲದೆ ಹೋಗೋದು, ರಾತ್ರಿ ಬೇಗ ನಿದ್ದೆ ಹತ್ತೋದು, ಬೆಂಗಳೂರಿಗೆ ಬಸ್ಸಲ್ಲಿ ಹೋಗಿ ಇಳಿದಾಗ ಸೊಂಟ ಹಿಡಿಯದೇ ಇರೋದು, ಇಂಥವು. ತೂಕ ಇಳಿಯೋದು ನಿಧಾನ, ಅದನ್ನೊಂದೇ ನಂಬ್ಕೊಂಡು ಕೂತ್ರೆ ಮೊದಲ ತಿಂಗಳಲ್ಲೇ ಬೇಜಾರು ಬರುತ್ತೆ.

ಈಗ ಎರಡು ನಂಬರ್ ಬರೀರಿ. ಇದು ನನಗೆ ಎಷ್ಟು ಮುಖ್ಯ, 0ಯಿಂದ 10ರಲ್ಲಿ ಎಷ್ಟು. ಮಾಡ್ತೀನಿ ಅನ್ನೋ ನಂಬಿಕೆ, 0ಯಿಂದ 10ರಲ್ಲಿ ಎಷ್ಟು. ಮೊದಲನೇದು 5 ಅಂತ ಬರೆದ್ರೆ "ಯಾಕೆ 10 ಇಲ್ಲ" ಅಂತ ಕೇಳ್ಕೊಳ್ಬೇಡಿ, "ಯಾಕೆ 2 ಬರೀಲಿಲ್ಲ" ಅಂತ ಕೇಳ್ಕೊಳ್ಳಿ, ಆಗ ಒಳಗಿರೋ ನಿಜವಾದ ಕಾರಣ ತಾನೇ ಬಾಯಿಗೆ ಬರುತ್ತೆ. ಎರಡನೇದು 7ಕ್ಕಿಂತ ಕಮ್ಮಿ ಇದ್ರೆ ಪ್ಲಾನ್ ದೊಡ್ಡದಾಯ್ತು ಅಂತ ಅರ್ಥ. ಉತ್ಸಾಹ ಏರಿಸೋಕೆ ಹೋಗ್ಬೇಡಿ, ಪ್ಲಾನ್ ಇಳಿಸಿ. ಒಂದು ಗಂಟೆ ಅಂತಿದ್ರೆ 15 ನಿಮಿಷ ಮಾಡಿ, ನಂಬರ್ 8 ಆಗೋವರೆಗೂ ಕತ್ತರಿಸ್ತಾ ಬನ್ನಿ.

## ಹಂತ 4: ಒಂದು ವಾರ ಏನೂ ಮಾಡ್ಬೇಡಿ, ಬರೀ ಟೈಮ್ ನೋಡಿ

ಹೌದು, ಏನೂ ಮಾಡ್ಬೇಡಿ. ಒಂದು ವಾರ ಎದ್ದಿದ್ದು, ಮಲಗಿದ್ದು, ಕೂತಿದ್ದು, ಫೋನ್ ನೋಡಿದ್ದು ಮಾತ್ರ ಬರೀರಿ. ಫೋನ್ ಸೆಟ್ಟಿಂಗ್ಸ್ ಒಳಗೆ ದಿನಕ್ಕೆ ಎಷ್ಟು ಗಂಟೆ ಸ್ಕ್ರೀನ್ ನೋಡಿದೀರ ಅಂತ ಲೆಕ್ಕ ಇರುತ್ತೆ, ಅದನ್ನ ತೆಗೆದು ನೋಡೋಕೆ ಸ್ವಲ್ಪ ಧೈರ್ಯ ಬೇಕು.

ಎಲ್ಲರಿಗೂ ಬೆಳಗಿನ ಜಾವ ಹೊಂದಲ್ಲ. ಹಾಸನಕ್ಕೆ ದಿನಾ ಬಸ್ಸಲ್ಲಿ ಓಡಾಡೋ ನೌಕರರಿಗೆ ಹೋಗಿ ಬರೋದೇ ಹತ್ತತ್ರ 120 ಕಿಲೋಮೀಟರ್, ಅವರು 5 ಗಂಟೆಗೆ ಎದ್ದು ಜಿಮ್ಮಿಗೆ ಹೋಗ್ತೀನಿ ಅನ್ನೋದು ನಿದ್ದೆ ಕದ್ದು ಮಾಡೋ ವ್ಯಾಯಾಮ, ನಿಲ್ಲಲ್ಲ. ಅವರಿಗೆ ಊಟದ ಬಿಡುವಿನ 15 ನಿಮಿಷ, ಒಂದು ಸ್ಟಾಪ್ ಮುಂಚೆ ಇಳಿದು ನಡೆಯೋದು ಸರಿ. ಎಂ.ಜಿ. ರಸ್ತೇಲಿ ಅಂಗಡಿ ಇಟ್ಟಿರೋರಿಗೆ ಮಧ್ಯಾಹ್ನದ ವ್ಯಾಪಾರ ತಗ್ಗಿದ ಹೊತ್ತು. ತೋಟ ನೋಡ್ಕೊಳ್ಳೋರು "ನಾನು ದಿನಾ ತೋಟ ಸುತ್ತುತೀನಿ" ಅಂತಾರೆ, ಆದ್ರೆ ಎಷ್ಟು ಹೊತ್ತು ಕಾಲಲ್ಲಿ, ಎಷ್ಟು ಹೊತ್ತು ಜೀಪಲ್ಲಿ ಅಂತ ಬರೆದು ನೋಡ್ಲಿ.

ಮನೆ ನೋಡ್ಕೊಳ್ಳೋ ಹೆಂಗಸರ ಲೆಕ್ಕ ಬೇರೇನೇ. ಬೆಳಿಗ್ಗೆ 6ರಿಂದ 9 ಅಡುಗೆಮನೆ, ಡಬ್ಬಿ, ಸ್ಕೂಲ್ ಬ್ಯಾಗು. ಅವರಿಗೆ "ಟೈಮ್ ಮಾಡ್ಕೊಳ್ಳಿ" ಅಂತ ಉಪದೇಶ ಮಾಡೋ ಬದಲು ಮನೆಯವರು ಯಾವ ಕೆಲಸ ಕೈಗೆ ತಗೋತಾರೆ ಅಂತ ಹೆಸರು ಹಾಕಿ ಬರೀಬೇಕು: ಸೋಮ, ಬುಧ, ಶುಕ್ರ ಡಬ್ಬಿ ತುಂಬೋದು ಗಂಡ, ಅಷ್ಟೇ. ಈ ಮಾತುಕತೆ ಆಗದೆ ಶುರು ಮಾಡಿದ ಹೆಂಗಸರು ಬಿಟ್ರೆ ಅದನ್ನ ಸೋಮಾರಿತನ ಅಂತ ಕರೆಯೋಕೆ ಮನೆಯವರಿಗೆ ಮುಖ ಇರ್ಬಾರದು.

ಜಾಗನೂ ಈಗಲೇ ಗೊತ್ತು ಮಾಡ್ಕೊಳ್ಳಿ. ಟೌನಲ್ಲಿದ್ರೆ ಸುಭಾಷ್‌ಚಂದ್ರ ಬೋಸ್ ಆಟದ ಮೈದಾನ, ರತ್ನಗಿರಿ ಬೋರೆ, ಇಲ್ಲಾಂದ್ರೆ ನಿಮ್ಮ ಬಡಾವಣೆಯ ಪಾರ್ಕು. ಮನೆಯಿಂದ ಗಾಡಿ ತೆಗೀಬೇಕಾದಷ್ಟು ದೂರದ ಜಾಗ ಬೇಡ, ಹಿರೇಕೊಳಲೆ ಕೆರೆ ಚೆನ್ನಾಗಿದೆ ಅಂತ ದಿನಾ ಅಲ್ಲಿಗೆ ಹೋಗೋಕಾಗುತ್ತಾ? ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ತೋಟದ ರಸ್ತೇಲಿ ನಡೆಯೋರು ಕತ್ತಲಲ್ಲಿ, ಮಂಜು ಮುಸುಕಿರೋ ಬೆಳಗಿನ ಜಾವದಲ್ಲಿ ಒಂಟಿಯಾಗಿ ಹೋಗ್ಲೇಬೇಡಿ, ಆನೆ ಓಡಾಟ ಇರೋ ಕಡೆ ಬೆಳಕು ಹರಿದ್ಮೇಲೆ, ಊರಲ್ಲಿ ವಿಚಾರಿಸ್ಕೊಂಡು, ಕಿವಿಗೆ ಇಯರ್‌ಫೋನ್ ಇಲ್ಲದೆ.

## ಹಂತ 5: ಎರಡು ವಾರದ ಟ್ರಯಲ್, ಅದೂ ನಗು ಬರೋವಷ್ಟು ಕಮ್ಮಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ಜೋರಿಂದು, ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಕೊಡೋ ವ್ಯಾಯಾಮ. 65 ದಾಟಿದೋರಿಗೆ ಬೀಳದೇ ಇರೋಕೆ ಬ್ಯಾಲೆನ್ಸ್ ವ್ಯಾಯಾಮ ವಾರಕ್ಕೆ 3 ದಿನ. ಇದು ಹೋಗಿ ಮುಟ್ಟಬೇಕಾದ ಊರು. ಮೊದಲ ವಾರದ ಟಾರ್ಗೆಟ್ ಅಂತ ಓದ್ಕೊಂಡೋರು ಮುಗ್ಗರಿಸ್ತಾರೆ.

ಟ್ರಯಲ್ ಹೀಗೆ: ವಾರಕ್ಕೆ 5 ದಿನ, ದಿನಕ್ಕೆ 10 ನಿಮಿಷ ನಡಿಗೆ. ಎರಡು ದಿನ ಮಾತ್ರ ಅದಕ್ಕೆ ಕುರ್ಚಿ ಸೇರಿಸಿ, ಕೈ ಊರದೆ 8 ಸಲ ಕೂತು ಏಳೋದು, ಗೋಡೆಗೆ ಕೈ ಕೊಟ್ಟು 8 ಸಲ ಪುಶ್-ಅಪ್. ಮುಗೀತು. "ಇಷ್ಟೇನಾ" ಅನ್ಸುತ್ತೆ, ಅನ್ಸ್ಲಿ. ಈ ಎರಡು ವಾರದಲ್ಲಿ ಪರೀಕ್ಷೆ ಆಗ್ತಾ ಇರೋದು ನಿಮ್ಮ ಟೈಮ್‌ಟೇಬಲ್ಲು, ಮೈಯಲ್ಲ. 10 ದಿನದಲ್ಲಿ 8 ದಿನ ಆದ್ರೂ ಕ್ಯಾಲೆಂಡರ್‌ನಲ್ಲಿ ಟಿಕ್ ಬಿದ್ರೆ ಪಾಸ್. ಅದಕ್ಕಿಂತ ಕಮ್ಮಿ ಬಿದ್ರೆ ಹಂತ 4ಕ್ಕೆ ವಾಪಸ್ ಹೋಗಿ ಹೊತ್ತು ಬದಲಾಯಿಸಿ, ಮತ್ತೆ ಎರಡು ವಾರ.

ವೇಗ ಎಷ್ಟಿರ್ಬೇಕು ಅನ್ನೋಕೆ ವಾಚ್ ಬೇಡ. ನಡೀತಾ ಮಾತಾಡೋಕಾಗ್ಬೇಕು, ಹಾಡೋಕೆ ಆಗ್ಬಾರದು, ಅದು ಮಧ್ಯಮ. ಎರಡು ಮೂರು ಪದಕ್ಕೇ ಉಸಿರು ಎಳ್ಕೋಬೇಕಾದ್ರೆ ಅದು ಜೋರು, ಟ್ರಯಲ್‌ನಲ್ಲಿ ಬೇಡ. ನಮ್ಮೂರಲ್ಲಿ ಸಮತಟ್ಟು ರಸ್ತೆ ಕಮ್ಮಿ, ಏರು ಬಂದ ತಕ್ಷಣ ಮಧ್ಯಮ ಹೋಗಿ ಜೋರು ಆಗುತ್ತೆ, ಅಲ್ಲಿ ಹೆಜ್ಜೆ ನಿಧಾನ ಮಾಡಿ.

ಇಲ್ಲಿ ಎಲ್ಲರೂ ಮಾಡೋ ಒಂದು ಸಾಹಸ ಇದೆ, ಶುರು ಮಾಡಿದ ಮೊದಲ ಭಾನುವಾರವೇ ಫ್ರೆಂಡ್ಸ್ ಕಟ್ಕೊಂಡು ಮುಳ್ಳಯ್ಯನಗಿರಿ. ಸುಮಾರು 1930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ. ಸರ್ಪದಾರಿ ಅನ್ನೋ ಕಾಲುದಾರಿಯಿಂದ ಹತ್ತೋವಾಗ ಬರೀ ಉಸಿರು ಕಟ್ಟುತ್ತೆ, ತೊಂದರೆ ಮಾಡೋದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಎಳೀತಾ ಎಳೀತಾನೇ ಮೈ ಭಾರ ತಡೀಬೇಕು, ಅದರ ನೋವು ಅವತ್ತು ಗೊತ್ತಾಗಲ್ಲ, 24ರಿಂದ 72 ಗಂಟೆ ಒಳಗೆ ಜೋರಾಗುತ್ತೆ. ಮಂಗಳವಾರ ಬೆಳಿಗ್ಗೆ ಮೆಟ್ಟಿಲು ಇಳಿಯೋಕಾಗದೆ ಗೋಡೆ ಹಿಡ್ಕೊಂಡೋರು ಬುಧವಾರ ವಾಕಿಂಗ್ ಬಿಟ್ಟಿರ್ತಾರೆ. ಬೆಟ್ಟ ಎಲ್ಲೂ ಓಡಿ ಹೋಗಲ್ಲ, ಮೂರು ತಿಂಗಳು ಬಿಟ್ಟು ಹೋಗಿ.

ಟ್ರಯಲ್ ಪಾಸಾದ್ಮೇಲೆ ವಾರಕ್ಕೊಂದು ಸಲ ದಿನಕ್ಕೆ 3ರಿಂದ 5 ನಿಮಿಷ ಮಾತ್ರ ಸೇರಿಸ್ತಾ ಹೋಗಿ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ಆದಾಗ 150 ಆಯ್ತು.

### ತಕ್ಷಣ ನಿಲ್ಲಿಸ್ಬೇಕಾದ ಲಕ್ಷಣಗಳು

ಎದೆ ಮಧ್ಯ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿ ದವಡೆ, ಭುಜ, ಕೈಗೆ ಹರಡಿದ್ರೆ, ತಣ್ಣನೆ ಬೆವರು ಬಂದ್ರೆ, ಕೂತ್ರೂ ಏದುಸಿರು ಇಳೀದೆ ಇದ್ರೆ ಗ್ಯಾಸು ಅಂತ ಜೀರಿಗೆ ಕಷಾಯ ಕುಡೀತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ. ಗಾಡಿ ನೀವೇ ಓಡಿಸ್ಕೊಂಡು ಹೋಗೋದಂತೂ ಬೇಡ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರೋರಿಗೆ ಎದೆ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟ ಅಂತಲೂ ಹಾರ್ಟ್ ಅಟ್ಯಾಕ್ ಬರ್ಬಹುದು.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯ್ತಾ ಇದ್ರೆ, ಜೋರು ವ್ಯಾಯಾಮ ಮಾಡಿದ್ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಡಾಕ್ಟ್ರು. ಸ್ನಾಯು ನೋವು ಎರಡೂ ಕಡೆ ಸಮ ಇರುತ್ತೆ, ಓಡಾಡ್ತಾ ಕಮ್ಮಿ ಆಗುತ್ತೆ. ಕೀಲೊಳಗೆ ಚುಚ್ಚಿದ ಹಾಗಿದ್ದು ನಡಿಗೆನೇ ಕುಂಟಾದ್ರೆ ಅದು ಬೇರೆ ಜಾತಿ, "ನೋವಾದ್ರೇನೇ ಲಾಭ" ಅನ್ನೋ ಡೈಲಾಗ್ ಅಲ್ಲಿ ನಡೆಯಲ್ಲ.

## ಹಂತ 6: ಹೀಗಾದ್ರೆ ಹೀಗೆ ಅಂತ ಬರೆದಿಡಿ

"ನಾಳೆಯಿಂದ ದಿನಾ ವಾಕ್ ಮಾಡ್ತೀನಿ" ಅನ್ನೋದು ಪ್ಲಾನ್ ಅಲ್ಲ, ಆಸೆ. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ 1999ರಲ್ಲಿ ವಿವರಿಸಿದ ಒಂದು ಸರಳ ಉಪಾಯ ಇದೆ: ಯಾವಾಗ, ಎಲ್ಲಿ, ಏನು ಅನ್ನೋದನ್ನ ಮೊದಲೇ ಜೋಡಿಸಿ ಇಟ್ಕೊಳ್ಳೋದು. "ಬೆಳಗಿನ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಶೂ ಹಾಕ್ಕೊಂಡು ಗೇಟ್ ದಾಟ್ತೀನಿ." ಆಗಲೇ ಗಟ್ಟಿಯಾಗಿರೋ ಅಭ್ಯಾಸಕ್ಕೆ ಹೊಸದನ್ನ ಗಂಟು ಹಾಕಿ, ನಮ್ಮಲ್ಲಿ ಕಾಫಿಗಿಂತ ಗಟ್ಟಿ ಅಭ್ಯಾಸ ಯಾವುದಿದೆ ಹೇಳಿ.

ಈಗ ಮಲೆನಾಡಿನ ಕ್ಯಾಲೆಂಡರ್ ಮುಂದಿಟ್ಕೊಂಡು ಅಡ್ಡಿಗಳನ್ನ ಬರೀರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ: "ಬೆಳಿಗ್ಗೆ ಮಳೆ ಹಿಡಿದಿದ್ರೆ ಮನೆ ಹಾಲ್‌ನಲ್ಲೇ 12 ನಿಮಿಷ", ಅದರಲ್ಲಿ ಕುರ್ಚಿ ಏಳೋದು, ಗೋಡೆ ಪುಶ್-ಅಪ್, ಹಿಮ್ಮಡಿ ಎತ್ತಿ ಇಳಿಸೋದು, ಅಂಗಾತ ಮಲಗಿ ಸೊಂಟ ಎತ್ತೋದು, ನಿಂತಲ್ಲೇ ನಡೆಯೋದು, ಮೂರು ಸುತ್ತು. ಕರೆಂಟ್ ಇಲ್ಲದಿದ್ರೂ ನಡೆಯುತ್ತೆ. ನವೆಂಬರ್‌ನಿಂದ ಫೆಬ್ರವರಿ ಕೊಯ್ಲು: ತೋಟ ಇರೋರು ಆಗ ನಿಮಿಷ ಹೆಚ್ಚಿಸೋದು ಬೇಡ, 10 ನಿಮಿಷಕ್ಕೆ ಇಳಿಸಿ ಆದ್ರೆ ಟಿಕ್ ತಪ್ಪಿಸ್ಬೇಡಿ. ಏಪ್ರಿಲ್, ಮೇ ಮದುವೆ ಸೀಸನ್: "ಬೆಳಿಗ್ಗೆ ಮುಹೂರ್ತ ಇದ್ರೆ ಸಂಜೆ ನಡಿಗೆ." ಬೀದಿ ನಾಯಿ ಕಾಟ ಇರೋ ರಸ್ತೆಗೆ ಬದಲಿ ರಸ್ತೆನೂ ಬರೀರಿ.

ಹೊಸದಾಗಿ ಶುರು ಮಾಡೋಕೆ ಒಳ್ಳೇ ಹೊತ್ತು ಯಾವುದು ಅಂದ್ರೆ, ತೋಟದ ಮನೆಯವರಿಗೆ ಕೊಯ್ಲು ಮುಗಿದ ಫೆಬ್ರವರಿ ಕೊನೆ. ಮಳೆ ಬರೋ ಹೊತ್ತಿಗೆ ಮೂರು ತಿಂಗಳು ಕೈಲಿರುತ್ತೆ. ಟೌನಿನವರು ಮಳೆ ಬಿಡೋ ಅಕ್ಟೋಬರ್‌ಗೆ ಶುರು ಮಾಡಿದ್ರೂ ಸರಿ. ಜನವರಿ 1 ಮಾತ್ರ ನಮ್ಮೂರಿನ ಕೆಲಸದ ಲೆಕ್ಕ ಗೊತ್ತಿಲ್ಲದ ತಾರೀಖು.

## ಹಂತ 7: ಊಟದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ

ನಡಿಗೆ ಶುರು ಮಾಡಿದ ವಾರವೇ ಅನ್ನ ಬಿಟ್ಟು, ಸಕ್ಕರೆ ಬಿಟ್ಟು, ರಾತ್ರಿ ಊಟ ಬಿಟ್ಟು ಕೂರೋರು ಎಲ್ಲಾನೂ ಒಟ್ಟಿಗೇ ಬಿಡ್ತಾರೆ. ಟ್ರಯಲ್ ಪಾಸಾಗೋವರೆಗೂ ಊಟದಲ್ಲಿ ಏನೂ ಬದಲಾಯಿಸ್ಬೇಡಿ.

ಆಮೇಲೆ ಮೊದಲು ಕಾಫಿ ಲೋಟ. ದಿನಕ್ಕೆ 4 ಕಾಫಿ, ಲೋಟಕ್ಕೆ 2 ಟೀ ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ ಅಂದ್ರೂ 32 ಗ್ರಾಂ ಆಯ್ತು. ಬೇರೆಯಾಗಿ ಸೇರಿಸೋ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನೀವು ಮೈಸೂರ್ ಪಾಕ್ ಮುಟ್ಟೋಕೆ ಮುಂಚೆನೇ ಗೆರೆ ದಾಟಿದ್ರಿ. ಬೆಲ್ಲದ ಕಾಫಿ ಆದ್ರೆ ಪರವಾಗಿಲ್ಲ ಅನ್ನೋದು ನಮ್ಮ ಕಡೆ ದೊಡ್ಡ ಸಮಾಧಾನ, ಆದ್ರೆ ರಕ್ತದ ಸಕ್ಕರೆ ವಿಷಯದಲ್ಲಿ ಬೆಲ್ಲನೂ ಸಕ್ಕರೆನೇ. ವಾರಕ್ಕೆ ಅರ್ಧ ಚಮಚ ಇಳಿಸ್ತಾ ಬನ್ನಿ, ನಾಲಿಗೆಗೆ ಗೊತ್ತೂ ಆಗಲ್ಲ. ಕಾಫಿ ಬಿಡಿ ಅಂತ ನಾನು ಹೇಳಲ್ಲ, ಈ ಊರಲ್ಲಿದ್ದು ಹಾಗೆ ಹೇಳೋಕೆ ಬಾಯಿ ಬರಲ್ಲ, ಆದ್ರೆ ಕೆಫೀನ್ ಅರ್ಧದಷ್ಟು ಇಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆ 6ರ ಸ್ಟ್ರಾಂಗ್ ಕಾಫಿ ರಾತ್ರಿ 11ಕ್ಕೂ ಅರ್ಧ ಒಳಗಿರುತ್ತೆ. ನಿದ್ದೆ ಕೆಟ್ರೆ ಬೆಳಿಗ್ಗೆ ಶೂ ಹತ್ರ ಯಾರೂ ಹೋಗಲ್ಲ. ಕೊನೇ ಕಾಫಿ 4ಕ್ಕೆ ಮುಗಿಸಿ.

ಅಕ್ಕಿ ರೊಟ್ಟಿ, ಕಡುಬು ಬಿಡೋದೂ ಬೇಡ. ಮೂರರ ಜಾಗದಲ್ಲಿ ಎರಡು, ಪಕ್ಕದಲ್ಲಿ ಪಲ್ಯ ಎರಡು ಪಟ್ಟು, ಜೊತೆಗೆ ಕಾಳು ಸಾರೋ, ಮೊಟ್ಟೆನೋ, ಕೋಳಿನೋ. ಇದನ್ನ ಸಕ್ಕರೆ ಕೆಲಸ ಮುಗಿದ್ಮೇಲೆ ಮಾಡಿ.

## ಹಂತ 8: ತಪ್ಪಿದ ದಿನಕ್ಕೆ ಮೊದಲೇ ಪ್ಲಾನು

21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ಎಲ್ಲಾ ಕಡೆ ಓಡಾಡ್ತಾ ಇದೆಯಲ್ಲ, ನಂಬ್ಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು ಇದನ್ನ ಅಳೆದು ನೋಡಿದಾಗ ಹೊಸ ಅಭ್ಯಾಸ ತಾನಾಗೇ ನಡೆಯೋ ಮಟ್ಟಕ್ಕೆ ಬರೋಕೆ ಮಧ್ಯದ ಲೆಕ್ಕ 66 ದಿನ, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ವ್ಯತ್ಯಾಸ. ಅದೇ ಸ್ಟಡೀಲಿ ಕಂಡ ಇನ್ನೊಂದು ವಿಷಯ ನಮಗೆ ಜಾಸ್ತಿ ಬೇಕಾಗಿದ್ದು: ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋ ಅಂಥ ಹೊಡೆತ ಬೀಳಲ್ಲ.

ಹೊಡೆತ ಬೀಳೋದು "ಹೇಗೂ ತಪ್ಪೋಯ್ತು, ಇನ್ನು ಮುಂದಿನ ಸೋಮವಾರದಿಂದ" ಅನ್ನೋ ಮಾತಿಂದ. ಅದಕ್ಕೇ ರೂಲು ಈಗಲೇ ಬರೆದಿಡಿ. ಒಂದು ದಿನ ತಪ್ಪಿದ್ರೆ ಮರುದಿನ 5 ನಿಮಿಷ ಆದ್ರೂ ಗೇಟ್ ದಾಟೋದು, ನಿನ್ನೆ ಬಾಕಿ ಸೇರಿಸಿ ಡಬಲ್ ಮಾಡೋದು ಬೇಡ. ಒಂದು ವಾರ ತಪ್ಪಿದ್ರೆ ಎಲ್ಲಿ ಬಿಟ್ರೋ ಅದರ ಅರ್ಧದಿಂದ ಶುರು. ಜ್ವರ ಇದ್ರೆ ವ್ಯಾಯಾಮ ಪೂರ್ತಿ ಬಂದ್, ಜ್ವರ ಬಿಟ್ಟು ಊಟ ಸೇರೋಕೆ ಶುರುವಾದ್ಮೇಲೆ ನಿಧಾನಕ್ಕೆ. ಡೆಂಗ್ಯೂ ಆಗಿದ್ರೆ ಯಾವಾಗಿಂದ ಅಂತ ಡಾಕ್ಟ್ರನ್ನ ಕೇಳಿ.

ಗಮನಿಸ್ಬೇಕಾದ ಸೂಚನೆ ಒಂದಿದೆ: ಎರಡು ವಾರವೂ ಅದೇ ಒಂದು ದಿನ ತಪ್ತಾ ಇದ್ರೆ, ಉದಾಹರಣೆಗೆ ಬರೀ ಬುಧವಾರ, ಅದು ಸೋಮಾರಿತನ ಇರಲಿಕ್ಕಿಲ್ಲ, ಬುಧವಾರ ಸಂತೆ ದಿನ ಇರ್ಬಹುದು. ದಿನ ಬದಲಾಯಿಸಿ.

## ಹಂತ 9: ಈಗ, ಬೇಕಿದ್ರೆ, ಜಿಮ್

ಮನೇಲಿ, ರಸ್ತೇಲಿ ಇಷ್ಟೆಲ್ಲ ಮಾಡಿ ಎರಡು ವಾರದ ಟ್ರಯಲ್ ಮುಗಿದು, ಮೇಲೆ ಇನ್ನೊಂದು ನಾಲ್ಕು ವಾರ ಟಿಕ್ ಬಿದ್ದಿದೆ ಅಂದ್ರೆ ಜಿಮ್ಮಿಗೆ ದುಡ್ಡು ಕಟ್ಟೋ ಯೋಗ್ಯತೆ ಬಂತು. ಜಿಮ್ ಬೇಡವೇ ಬೇಡ ಅಂದ್ರೂ ನಷ್ಟ ಇಲ್ಲ, ಕುರ್ಚಿ ವ್ಯಾಯಾಮನೇ ನಿಧಾನಕ್ಕೆ ಭಾರ ಮಾಡ್ತಾ ಹೋಗ್ಬಹುದು.

ಸೇರೋದಾದ್ರೆ ನೀವು ದಿನಾ ಹೋಗೋ ಹೊತ್ತಿಗೇ ಹೋಗಿ ನೋಡಿ, ಮಧ್ಯಾಹ್ನ 12ಕ್ಕೆ ಖಾಲಿ ಇರೋ ಜಿಮ್ಮು ಸಂಜೆ 7ಕ್ಕೆ ಕಾಲಿಡೋಕೆ ಜಾಗ ಇಲ್ಲದ ಹಾಗಿರ್ಬಹುದು. ಟ್ರೈನರ್ ಮೊದಲ ದಿನ ನಿಮ್ಮ ಬಿಪಿ, ಸಕ್ಕರೆ, ಹಳೇ ನೋವು ಕೇಳ್ತಾನಾ ನೋಡಿ. ಕೇಳದೇ ನೇರ ಭಾರ ಎತ್ತಿಸಿದ್ರೆ, ಮೊದಲ ವಾರವೇ ಡಬ್ಬಿ ಪೌಡರ್ ಮಾರೋಕೆ ಬಂದ್ರೆ, ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ಮಾತು ಎತ್ತಿದ್ರೆ ಅಲ್ಲಿಂದ ಹೊರಡಿ. ಹೆಂಗಸರಿಗೆ ಬಟ್ಟೆ ಬದಲಾಯಿಸೋ ಜಾಗ, ವಾಪಸ್ ಬರೋ ರಸ್ತೇಲಿ ಲೈಟು ಇದೆಯಾ ಅನ್ನೋದು ಮಷೀನುಗಳಿಗಿಂತ ಮುಖ್ಯ.

ವರ್ಷದ ಪ್ಯಾಕೇಜ್ ತಿಂಗಳ ಲೆಕ್ಕದಲ್ಲಿ ಅಗ್ಗ ಅಂತ ತೋರಿಸೇ ತೋರಿಸ್ತಾರೆ. ಒಂದು ತಿಂಗಳದ್ದು ಮಾತ್ರ ಕಟ್ಟಿ, ರಸೀದಿ ಇಸ್ಕೊಳ್ಳಿ. ತಿಂಗಳ ಕೊನೇಲಿ ಕ್ಯಾಲೆಂಡರ್ ತೆಗೆದು 12 ಟಿಕ್ ಇದೆಯಾ ಎಣಿಸಿ. ಇದ್ರೆ ಮೂರು ತಿಂಗಳಿಂದು ಕಟ್ಟಿ, ಇಲ್ಲದಿದ್ರೆ ರಸ್ತೆನೇ ಸಾಕು. ಮೂರು ತಿಂಗಳಿಗೊಂದು ಸಲ ಅದೇ ಟೇಪು, ಅದೇ ಜಾಗ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಅಳೆದು ಹಳೇ ನಂಬರ್ ಪಕ್ಕ ಬರೀರಿ. ಬಿಪಿ ಅಥವಾ ಸಕ್ಕರೆಗೆ ಮಾತ್ರೆ ತಗೊಳ್ಳೋರು ನಂಬರ್ ಇಳೀತು ಅಂತ ಮಾತ್ರೆ ನೀವೇ ಕಮ್ಮಿ ಮಾಡ್ಕೋಬೇಡಿ, ಆ ಕ್ಯಾಲೆಂಡರ್ ಹಾಳೆನೇ ಹರಿದು ಡಾಕ್ಟ್ರ ಹತ್ರ ತಗೊಂಡು ಹೋಗಿ.